ಪೌರುಷಕ್ಕೆ ಎರಡು ಬಾಗಿಲು

ಮ್ಯಾಂಚೆಸ್ಟರಿನಲ್ಲಿ ನೆಲಸಿ ಷಷ್ಟಿಪೂರ್ತಿಯ ಸಮೀಪಕ್ಕೆ ಬಂದಿದ್ದ ರಾಯರು, ಉತ್ಸಾಹವು ಕ್ಷೀಣಿಸಿ ಊಟವಾದೊಡನೆ ತೂಕಡಿಕೆ ಆವರಿಸುತ್ತಿದ್ದುದಕ್ಕೆ ಟೆಸ್ಟೋಸ್ಟೆರಾನೆಂಬ ಪುರುಷ ಹಾರ್ಮೋನಿನ ಅಭಾವವೇ ಕಾರಣವೆಂದು ತಾವೇ ನಿಶ್ಚಯಿಸಿ, ಅದರ ಪೂರೈಕೆಗೆ ಸರ್ಕಾರದ ಬಾಗಿಲನ್ನು ತಟ್ಟುವುದೋ ಖಾಸಗಿಯವರದನ್ನೋ ಎಂಬ ಧರ್ಮಸಂಕಟವನ್ನು ಮಿತ್ರರಾದ ಶೆಟ್ಟರಲ್ಲಿ ನಿವೇದಿಸಿಕೊಂಡರು.

“1948ರಿಂದ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯಸೇವೆ ಇರುವಾಗ ಯೋಚನೆಯೇಕೆ, ರಾಯರೇ? ವೈದ್ಯದರ್ಶನ ಪುಕ್ಕಟೆ; ಅರವತ್ತು ತುಂಬಿದರೆ ಔಷಧಕ್ಕೂ ಕಾಸಿಲ್ಲ.”

“ಹೋಗಿದ್ದೆನಲ್ಲ! ಬೆಳಗಿನ 11ರೊಳಗೆ ರಕ್ತ ಕೊಡಿರೆಂದರು, ಕೊಟ್ಟೆ. ಕೆಲವು ವಾರಗಳ ತರುವಾಯ ಮತ್ತೊಮ್ಮೆ ಎಂದರು, ಕೊಟ್ಟೆ. ಟೆಸ್ಟೋಸ್ಟೆರಾನು ಲೀಟರಿಗೆ 8 ನ್ಯಾನೋಮೋಲಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ, 12ಕ್ಕಿಂತ ಮೇಲಿದ್ದರೆ ನಮಸ್ಕಾರ. ನನ್ನದು 10, ತ್ರಿಶಂಕುಸ್ವರ್ಗ! ತಜ್ಞರ ದರ್ಶನಕ್ಕೆ ಸರದಿ ಕಾಯಬೇಕಂತೆ.”

“ಖಾಸಗಿಯವರು?”

“ಅಹಹ, ಅವರ ಸೌಜನ್ಯವನ್ನು ಏನೆಂದು ವರ್ಣಿಸಲಿ! ‘ಕೆಲವೊಮ್ಮೆ ಆಯಾಸವಾಗುವುದೇ?’ ಎಂದು ಕೇಳಿದರು. ಹೌದೆಂದೆ. ಒಡನೆಯೇ ಮಾಸಿಕ ಶುಲ್ಕದ ಪಟ್ಟಿ ಬಂದಿತು.”

(ಇಂಗ್ಲೆಂಡಿನ ನವೆಂಬರ್ ಮಾಸದಲ್ಲಿ ಆಯಾಸವಿಲ್ಲದ ಮನುಷ್ಯನು ದುರ್ಲಭನೆಂಬುದು ಆ ಪ್ರಶ್ನಾವಳಿಯ ಕರ್ತೃವಿಗೆ ಅವಿದಿತವಾಗಿರಲಾರದು.)

“ಹಾರ್ಮೋನು ಹೊರಗಿನಿಂದ ಬಂದಿತೆಂದರೆ ದೇಹವು ತನ್ನ ಉತ್ಪಾದನೆಯನ್ನು ಕುಗ್ಗಿಸುವುದು, ವೀರ್ಯಾಣುಗಳು ಕುಂದುವುವು, ರಕ್ತವು ಮಂದವಾಗಲೂಬಹುದು, ಇದನ್ನೆಲ್ಲ ಹೇಳಿದರೋ?”

“ಸವಿಸ್ತಾರವಾಗಿ ಹೇಳಿದರು. ಅದರ ಪರೀಕ್ಷೆಗೆ ಶುಲ್ಕ ಬೇರೆ.”

ಶೆಟ್ಟರು ರಾಯರ ಉದರವನ್ನು ಒಮ್ಮೆ ಅವಲೋಕಿಸಿ, “ದೇಹದ ತೂಕವಿಳಿದರೆ ಟೆಸ್ಟೋಸ್ಟೆರಾನು ತಾನಾಗಿ ಏರುವುದುಂಟು, ಸಂಜೆ ನಡೆದಾಡಿ, ಹೋಳಿಗೆಯನ್ನು ಒಂದಕ್ಕೆ ನಿಲ್ಲಿಸಿ,” ಎಂದರು.

ರಾಯರು ಗಂಭೀರವದನರಾಗಿ ಕೇಳಿದರು: “ಆ ಹೋಳಿಗೆ ನಿಲ್ಲಿಸುವ ಚಿಕಿತ್ಸೆ ಸರ್ಕಾರಿಯದೋ, ಖಾಸಗಿಯದೋ?”