ಇಳಿಯುವವರಿಗೊಂದು, ಉರುಳುವವರಿಗೊಂದು

ಈಶ್ವರಮಂಗಲದ ಕಡೆ ಸಮತಟ್ಟು ಜಾಗ ಬೇಕೆಂದರೆ ಒಂದೋ ಅಡಕೆ ಒಣಗಿಸುವ ಅಂಗಳಕ್ಕೆ ಬರಬೇಕು, ಇಲ್ಲವೇ ಶಾಲೆಯ ಮೈದಾನಕ್ಕೆ ಹೋಗಬೇಕು. ಉಳಿದದ್ದೆಲ್ಲ ಏರು, ಅದು ಮುಗಿದರೆ ಇಳಿಜಾರು. ತೋಟ ತಗ್ಗಿನಲ್ಲಿ, ಮನೆ ಅದರ ಮೇಲೆ, ರಬ್ಬರು ಇನ್ನೂ ಮೇಲೆ. ಬಸ್ಸು ನಿಲ್ಲುವುದು ಗುಡ್ಡೆಯ ಆಚೆ. ಇಂಥ ಊರಿನವನು ತನಗೆ ಸೈಕಲ್ಲು ಬರುತ್ತದೆ ಎಂದರೆ, ಅರ್ಧ ದಾರಿ ಅವನು ಸೈಕಲ್ಲಿನ ಮೇಲೆ, ಉಳಿದರ್ಧ ಸೈಕಲ್ಲು ಅವನ ಹೆಗಲ ಮೇಲೆ ಎಂದು ತಿಳಿಯಬೇಕು.

ನಮ್ಮ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿದಾಗ ಬಯಲುಸೀಮೆಯ ವಿಜಯಪುರಕ್ಕೆ ಬಂದದ್ದೇ ಸುಳ್ಯದ ಗುಡ್ಡೆಗೂ ಬಂತು. ಗೇರು ಗೀರು ಏನಿಲ್ಲ. ಆದರೂ ನಮ್ಮ ಮಕ್ಕಳು ಅದರಲ್ಲೇ ಗುಡ್ಡೆ ಇಳಿದರು. ಬ್ರೇಕು ಹಿಡಿಯದಿದ್ದರೆ ಚಪ್ಪಲಿ ಇತ್ತು. ಆ ಕಾಲದ ಚಪ್ಪಲಿಗಳ ಆಯುಷ್ಯದ ಬಗ್ಗೆ ತಾಯಂದಿರನ್ನೇ ಕೇಳಬೇಕು.

ಈಚೆಗೆ ಬೇಸಗೆ ರಜೆಯಲ್ಲಿ ಪಕ್ಕದ ಮನೆಗೆ ಬೆಂಗಳೂರಿನಿಂದ ಕಾಲೇಜು ಹುಡುಗನೊಬ್ಬ ಬಂದ. ಕಾರಿನ ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲನ್ನೂ ತಂದಿದ್ದ. ಟಯರು ನೋಡಿದರೆ ಟಿಲ್ಲರಿನ ತಮ್ಮನ ಹಾಗೆ. ಕನಕಪುರ ರಸ್ತೆಯ ಬದಿಯ ತುರಹಳ್ಳಿ ಕಾಡಿನಲ್ಲಿ ಇಂಥ ಸೈಕಲ್ಲಿನವರು ಬೆಳಿಗ್ಗೆ ಬೆಳಿಗ್ಗೆ ಸೇರುತ್ತಾರಂತೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಮಾತು ಬಂದಾಗ ಊರಿನವರು, ನಡೆಯುವವರು, ಸೈಕಲ್ಲಿನವರು ಎಲ್ಲ ಸೇರಿ ‘ಕಾಡು ಕಾಡಾಗಿಯೇ ಇರಲಿ’ ಎಂದು ನಿಂತದ್ದು ನನಗೂ ನೆನಪಿತ್ತು. ಹುಡುಗ ಕೇಳಿದ: “ಮಾವ, ನಿಮ್ಮ ಗುಡ್ಡೆಯಲ್ಲಿ ಒಂದು ಟ್ರೇಲು ಮಾಡ್ಲಾ?”

ಆ ಗುಡ್ಡೆ ನನ್ನದೆಂದು ಆರ್‌ಟಿಸಿಯಲ್ಲಿ ಉಂಟು. ಅದನ್ನು ನೋಡಿ ಇನ್ನೊಬ್ಬರಿಗೆ ಆಸೆ ಹುಟ್ಟಿದ್ದು ಅದೇ ಮೊದಲು. ಹೂಂ ಎಂದೆ, ಅಷ್ಟಕ್ಕೇ ನಿಲ್ಲದೆ ಪಿಕ್ಕಾಸು ಹೆಗಲಿಗೇರಿಸಿ ಅವನ ಹಿಂದೆಯೇ ಹೊರಟೆ. ತೋಟದ ಕಣಿ ಬಿಡಿಸು ಎಂದಾಗೆಲ್ಲ ಸೊಂಟ ಹಿಡಿದುಕೊಳ್ಳುವ ಮನುಷ್ಯನ ಈ ಉತ್ಸಾಹವನ್ನು ಮನೆಯವಳು ಬಾಗಿಲಲ್ಲಿ ನಿಂತು ಮೌನವಾಗಿ ವೀಕ್ಷಿಸಿದಳು. ಅವಳ ಮೌನಕ್ಕೆ ನಾನು ಬಹಳ ಹೆದರುತ್ತೇನೆ.

ಈ ಗುಡ್ಡೆ ಸೈಕಲ್ಲಿನ ಹುಚ್ಚು ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮರಿನ್ ಕೌಂಟಿಯ ಕೆಲವು ಹುಡುಗರು ಹಳೆಯ, ದಪ್ಪ ಟಯರಿನ ಸೈಕಲ್ಲುಗಳನ್ನು ಹೊತ್ತುಕೊಂಡು ಹೋಗಿ ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ‘ರೀಪ್ಯಾಕ್’ ಎಂಬ ಪಂದ್ಯವನ್ನೇ ಇಟ್ಟರು. ಮೂರುವರೆ ಕಿಲೋಮೀಟರಿನೊಳಗೆ ಸುಮಾರು ನಾನೂರು ಮೀಟರು ಇಳಿತ. ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಮ್ಮೆ ಇಳಿದರೆ ಅದರೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆ, ಮತ್ತೆ ತುಂಬಬೇಕು. ಇಪ್ಪತ್ತು ವರ್ಷ ಕಳೆದು 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟವೇ ಹೋಯಿತು. ಚಪ್ಪಲಿ ಬ್ರೇಕಿನ ನಮ್ಮ ಮಕ್ಕಳನ್ನು ಯಾರೂ ಕರೆಯಲಿಲ್ಲ, ಇರಲಿ.

ಹುಡುಗ ಗುಡ್ಡೆಯ ನೆತ್ತಿಯಿಂದ ಅಂಗಳಕ್ಕೆ ನೇರ ಗೆರೆ ಎಳೆಯುವ ಅಂದಾಜಿನಲ್ಲಿದ್ದ. ಆಗ ನಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರು ಬೀಡಿ ಆರಿಸಿ ಹೇಳಿದರು: “ನೀರಿಗೆ ಬೇರೆ ದಾರಿ ಕೊಡಿ ಮಾರಾಯ್ರೆ. ಇಲ್ಲದಿದ್ರೆ ಅದು ನಿಮ್ಮ ದಾರಿಯಲ್ಲೇ ಹೋಗ್ತದೆ.” ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಗುಡ್ಡೆ ಇಳಿಯುವ ಮೊದಲ ಸವಾರ ನೀರೇ. ಅದಕ್ಕೆ ಬ್ರೇಕೂ ಇಲ್ಲ, ಚಪ್ಪಲಿಯೂ ಇಲ್ಲ.

ಹುಡುಗ ಮೊಬೈಲು ತೆರೆದು ಓದಿ ತಲೆದೂಗಿದ. 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ನಿನವರು ಹೇಳುವುದೂ ಅದನ್ನೇ. ದಾರಿಯ ಏರು ಗುಡ್ಡೆಯ ಏರಿನ ಅರ್ಧವನ್ನು ಮೀರಬಾರದು. ಒಟ್ಟಾರೆ ಸರಾಸರಿ ನೂರಕ್ಕೆ ಹತ್ತು ಸಾಕು. ದಾರಿಯ ಹೊರ ಅಂಚು ನೂರಕ್ಕೆ ಐದರಷ್ಟು ತಗ್ಗಿರಬೇಕು. ಇಳಿಯುತ್ತ ಇಳಿಯುತ್ತ ನಡುನಡುವೆ ಒಂದಿಷ್ಟು ಏರಿಸಬೇಕು, ಆಗ ನೀರು ಅಲ್ಲಿಗೇ ಬೇಸತ್ತು ಬದಿಗೆ ಹೋಗುತ್ತದೆ. ಹಿರಿಯರು ಮತ್ತೆ ಬೀಡಿ ಹೊತ್ತಿಸಿದರು. ಅಮೆರಿಕದವರಿಗೆ ತನ್ನ ಮಾತು ಅರ್ಥವಾದದ್ದರ ಬಗ್ಗೆ ಅವರಿಗೆ ವಿಶೇಷ ಆಶ್ಚರ್ಯವೇನೂ ಇರಲಿಲ್ಲ.

ದಾರಿಯಾಯಿತು. ಮೇಲಿನ ಬರೆಯ ಹತ್ತಿರ ಮುರಕಲ್ಲಿನ ಒಂದು ಮೆಟ್ಟಿಲು, ಮೊಣಕಾಲೆತ್ತರದ್ದು, ಮಣ್ಣಿನಿಂದ ಮೂತಿ ಹೊರಹಾಕಿ ಕೂತಿತ್ತು. ಹುಡುಗ ಅಲ್ಲಿಂದ ಹಾರಿ ನೆಲ ಮುಟ್ಟುವುದನ್ನು ನೋಡುವುದೇ ಒಂದು ಚಂದ. ಅವನ ತಂಗಿ ಇಳಿದು ಸೈಕಲ್ಲು ನೂಕಿಕೊಂಡು ಬಂದಳು. ನಾನು ನನ್ನ ಹಳೆಯ ಸೈಕಲ್ಲು ಹತ್ತಿ, ಮೆಟ್ಟಿಲಿನವರೆಗೂ ತಲುಪದೆ, ರಬ್ಬರಿನ ಒಣ ಎಲೆಯ ಮೇಲೆ ಜಾರಿ ನಾಚಿಕೆಮುಳ್ಳಿನ ನಡುವೆ ಮಲಗಿದೆ. ನನಗಿಂತ ಮೊದಲು ಆ ಗಿಡವೇ ನಾಚಿಕೊಂಡಿತು.

ಸಂಜೆ ಜಗಲಿಯಲ್ಲಿ ನನ್ನ ಮೊಣಕೈಗೆ ಅರಸಿನ ಹಚ್ಚುತ್ತ ಸಭೆ ನಡೆಯಿತು. ಜೆಸಿಬಿ ತರಿಸಿ ಆ ಕಲ್ಲು ತೆಗೆಸುವುದೆಂದು ಒಬ್ಬರು, ಉದ್ದಕ್ಕೂ ಕಾಂಕ್ರೀಟು ಹಾಕಿಸುವುದೆಂದು ಇನ್ನೊಬ್ಬರು. ಯಾರೋ ಒಬ್ಬ ಬಿದ್ದನೆಂದರೆ ಇಡೀ ಗುಡ್ಡೆಯನ್ನು ಚಪ್ಪಟೆ ಮಾಡುವ ಯೋಚನೆ ನಮಗೆಲ್ಲ ಎಷ್ಟು ಬೇಗ ಬರುತ್ತದೆ! ಚಪ್ಪಟೆಯಾದ ಮೇಲೆ ಆ ಹುಡುಗ ಅಲ್ಲಿ ಮಾಡುವುದಾದರೂ ಏನು?

ನಮ್ಮ ಹಿಂದಿನವರು ಇದನ್ನು ಎಂದೋ ಬಗೆಹರಿಸಿದ್ದರು. ಗುಡ್ಡೆ ಹತ್ತಲು ಸದಾ ಎರಡು ದಾರಿ: ಬಸ್ಸು ತಪ್ಪುವ ಗಡಿಬಿಡಿಯವರಿಗೆ ನೇರ ಕಡಿದಾದದ್ದು, ಅಡಕೆ ಗೋಣಿ ಹೊತ್ತವರಿಗೂ ಅಜ್ಜಿಯಂದಿರಿಗೂ ಸುತ್ತಿ ಸುತ್ತಿ ಹೋಗುವುದು. ಕಡಿದಾದ ದಾರಿಯಲ್ಲಿ ಬಂದವನು ದೊಡ್ಡವನಲ್ಲ, ಸುತ್ತಿ ಬಂದವಳು ಸಣ್ಣವಳಲ್ಲ. ಬಾಯಾರಿಕೆಗೆ ಇಬ್ಬರಿಗೂ ಬೆಲ್ಲ ನೀರು ಒಂದೇ. ನಾವೂ ಕಲ್ಲನ್ನು ಅದರ ಪಾಡಿಗೆ ಬಿಟ್ಟು ಬದಿಯಿಂದ ಒಂದು ಸುತ್ತುದಾರಿ ಕಡಿದೆವು. ಹುಡುಗನ ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಕಷ್ಟದ ದಾರಿಯ ಅತಿ ಕಷ್ಟದ ಜಾಗ ಅದರ ಬಾಯಲ್ಲೇ, ಎಲ್ಲರಿಗೂ ಕಾಣುವಂತಿರಬೇಕು. ಆಗದವರು ಅಲ್ಲಿಂದಲೇ ಮರ್ಯಾದೆಯಿಂದ ತಿರುಗಿಕೊಳ್ಳಬಹುದು. ನಡುದಾರಿಯಲ್ಲಿ ಸಿಕ್ಕಿಬಿದ್ದು ಅಳಬೇಕಾಗಿಲ್ಲ.

ಗುರುತೂ ಬೇಕಲ್ಲ? ಸುಲಭದ್ದಕ್ಕೆ ಹಸಿರು ವೃತ್ತ, ನಡುವಿನದಕ್ಕೆ ನೀಲಿ ಚೌಕ, ಕಷ್ಟದ್ದಕ್ಕೆ ಕಪ್ಪು ವಜ್ರ. ಹಿಮದಲ್ಲಿ ಜಾರುವವರಿಂದ ಸೈಕಲ್ಲಿನವರು ಎರವಲು ತಂದ ಪದ್ಧತಿ ಇದು. ಮರಕ್ಕೆ ಬಣ್ಣ ಬಳಿದರೆ ಮರದ ವ್ಯಾಪಾರಿ ಬಂದು ರೇಟು ಕೇಳುವ ಭಯವಿದ್ದುದರಿಂದ ಕಲ್ಲಿಗೆ ಬಳಿದೆವು. ಗೇಟಿಗೆ ಹಚ್ಚಿ ಮಿಕ್ಕ ಹಸಿರು ಬಣ್ಣ ಮನೆಯಲ್ಲಿ ಧಾರಾಳವಿತ್ತು. ನನ್ನ ದಾರಿಗೆ ಬೇಕಾದದ್ದೂ ಅದೇ.

ದಾರಿ ಮಾಡುವುದಕ್ಕಿಂತ ಉಳಿಸಿಕೊಳ್ಳುವುದೇ ಹೆಚ್ಚಿನ ಕೆಲಸ. ನಮ್ಮ ನೆಟ್ಟಣಿಗೆಯ ಜಾಂಬ್ರಿ ಮಹೋತ್ಸವ 12 ವರ್ಷಕ್ಕೊಮ್ಮೆ ನಡೆಯುತ್ತದೆ. ಸೈಕಲ್ಲು ದಾರಿಗೆ ಅಷ್ಟು ರಜೆ ಕೊಟ್ಟರೆ ಹುಡುಕಲು ಕತ್ತಿ ಹಿಡಿದೇ ಹೋಗಬೇಕಾದೀತು. ಎಲೆ ಗುಡಿಸಬೇಕು, ಸಡಿಲವಾದ ಮುರಕಲ್ಲಿನ ಹರಳು ಆರಿಸಬೇಕು, ಮಣ್ಣು ಒದ್ದೆಯಿದ್ದಾಗ ಯಾರನ್ನೂ ಬಿಡಬಾರದು. ಟಯರು ಕೊರೆದ ಗೆರೆಯನ್ನೇ ಮುಂದಿನ ಮಳೆ ತೋಡು ಮಾಡಿಬಿಡುತ್ತದೆ.

ನಿಮ್ಮಲ್ಲೂ ಗುಡ್ಡೆ ಇದ್ದು, ಸೈಕಲ್ಲಿನ ಹುಡುಗರು ಬಂದು ಕೇಳಿದರೆ ಇಲ್ಲ ಎನ್ನಬೇಡಿ. ಜೆಸಿಬಿಯವನಿಗೆ ಮಾತ್ರ ಫೋನು ಮಾಡಬೇಡಿ. ಕಲ್ಲು ಇದ್ದಲ್ಲೇ ಇರಲಿ, ಪಕ್ಕದಲ್ಲಿ ನನ್ನಂಥವರಿಗೊಂದು ಸುತ್ತುದಾರಿ ಇರಲಿ. ಮತ್ತೆ, ಏನೇ ಆದರೂ ಮಳೆ ಹಿಡಿಯುವ ಮೊದಲು, ಪತ್ತನಾಜೆಯೊಳಗೆ ಕಣಿ ಬಿಡಿಸಿಬಿಡಿ.