ಅಗ್ಗದ ಗಿಟಾರಿನ ದುಬಾರಿ ಶಾಸ್ತ್ರ

ಗಿಟಾರಿನ ಖರೀದಿಯಲ್ಲಿ ಬೆಲೆ ಎಂಬುದು ಅಂಗಡಿಯಲ್ಲಿ ಒಮ್ಮೆ ತೆತ್ತು ಮುಗಿಯುವಂಥದು, ಖರ್ಚು ಎಂಬುದು ಮನೆಗೆ ಬಂದ ಮೇಲೆ ಮೆಲ್ಲಗೆ ಶುರುವಾಗುವಂಥದು. ಇವೆರಡನ್ನೂ ಒಂದೇ ಎಂದು ನಂಬುವವರಿಂದಲೇ ವಾದ್ಯದ ಪೇಟೆ ನಡೆಯುತ್ತದೆ. ಖಾನಾಪುರದಿಂದ ಸುಮಾರು 14 ಕಿಲೋಮೀಟರ್ ದೂರದ ಹಲಸಿಯ ಕಡೆಯವರಿಗೆ ಪೇಟೆಯೆಂದರೆ ಬೆಳಗಾವಿ, ಅಲ್ಲಿ ಮನಸ್ಸಿಗೆ ಬಾರದಿದ್ದರೆ ಘಟ್ಟ ಇಳಿದು ಗೋವೆ, ಅದೂ ಸಾಲದಿದ್ದರೆ ಅಂಗೈಯ ಮೊಬೈಲು. ಪಲಾಶಿಕೆ ಎಂಬ ಹೆಸರಿನಲ್ಲಿ ಕದಂಬರ ಉಪರಾಜಧಾನಿಯಾಗಿದ್ದ ಈ ಊರಿಗೆ ಕೊಡುಕೊಳ್ಳುವ ಕಾಗದಪತ್ರಗಳ ಶಿಸ್ತು ಹೊಸದೇನಲ್ಲ. ಇಲ್ಲಿ ದೊರೆತ 5–6ನೆಯ ಶತಮಾನದ ತಾಮ್ರಶಾಸನಗಳಲ್ಲಿ, ಹುಣ್ಣಿಮೆಯ ಜಿನಾಭಿಷೇಕಕ್ಕೆಂದು ಕೊಟ್ಟ ಹೊಲ 15 ನಿವರ್ತನ (ಆ ಕಾಲದ ಭೂಮಿಯ ಅಳತೆ) ಎಂಬ ವಿವರವೂ ಇದೆ, ಕೊಟ್ಟದ್ದನ್ನು ಕಸಿದವನಿಗೆ ಅರವತ್ತು ಸಾವಿರ ವರ್ಷ ನರಕವೆಂಬ ಶಾಪವೂ ಇದೆ. ಇಂದಿನ ರಶೀದಿಯಲ್ಲಿ ಅಳತೆ ಹೋಗಿ ಶಾಪವಷ್ಟೇ ಉಳಿದಿದೆ: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.

ಕೊಟ್ಟ ಹಣಕ್ಕೆ ತಕ್ಕ ಮಾಲು ಬಂತೇ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಕುತ್ತಿಗೆಯನ್ನು. ಉಕ್ಕಿನ ಆರು ತಂತಿಗಳು ಶ್ರುತಿಗೆ ಬಂದಾಗ ಒಟ್ಟು 70 ಕಿಲೋದಷ್ಟು ಬಲದಿಂದ ಅದನ್ನು ಜಗ್ಗುತ್ತಿರುತ್ತವೆ. ಈ ಜಗ್ಗಾಟಕ್ಕೆ ಎದುರು ನಿಲ್ಲಲೆಂದು ಒಳಗೆ ಟ್ರಸ್ ರಾಡ್ ಎಂಬ, ತಿರುವಿ ಬಿಗಿ ಮಾಡಬಹುದಾದ ಲೋಹದ ಸರಳನ್ನು ಹುದುಗಿಸಿರುತ್ತಾರೆ, ತೀರ ಅಗ್ಗದವುಗಳಲ್ಲಿ ಅದು ಇರುವುದಿಲ್ಲ, ಇದ್ದರೂ ತಿರುಗುವ ಖಾತರಿಯಿಲ್ಲ. 12ನೆಯ ಫ್ರೆಟ್ಟಿನ ಮೇಲೆ, ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ಹನ್ನೆರಡನೆಯದರ ಮೇಲೆ, ತಂತಿ 2ರಿಂದ 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಬೆರಳು ಬದುಕುತ್ತದೆ. 4ಕ್ಕೆ ಏರಿದ್ದರೆ ಸಂಗೀತಕ್ಕಿಂತ ಮೊದಲು ವೈರಾಗ್ಯ ಬರುತ್ತದೆ. ಮೇಲ್ಹಲಗೆ ಒಂದೇ ಮರದ್ದೋ ಪ್ಲೈವುಡ್ಡೋ ಎಂಬುದನ್ನು ನಾದರಂಧ್ರದ ಅಂಚಿನಲ್ಲಿ ನೋಡಿ ತಿಳಿಯಬಹುದು: ಮೇಲಿನ ಎಳೆಗಳು ಅಂಚಿನ ದಪ್ಪದಲ್ಲೂ ಇಳಿದು ಬಂದಿದ್ದರೆ ಇಡೀ ಮರ, ಪದರು ಪದರಾಗಿ ಕಂಡರೆ ಪ್ಲೈ. ಆದರೆ ಗಿರಾಕಿ ಅಂಚಿನ ಕಡೆ ಬಾಗುವ ಹೊತ್ತಿಗೆ ಸರಿಯಾಗಿ ಅಂಗಡಿಯ ಹುಡುಗ ವಾದ್ಯವನ್ನು ಕೈಗೆತ್ತಿಕೊಂಡು ಬಾರಿಸಲು ತೊಡಗುತ್ತಾನೆ, ಮತ್ತು ಅವನ ಕೈಯಲ್ಲಿ ಎಂಥ ಹಲಗೆಯೂ ಹಾಡುತ್ತದೆ. ರಾಮಭಾವು ಬಿಜಾಪುರೆಯವರಂಥ (1917–2010) ಹಾರ್ಮೋನಿಯಂ ವಾದಕರು ಬಾಳಿದ ಬೆಳಗಾವಿಯಲ್ಲಿ ಪೇಟಿ ಕೊಳ್ಳುವ ಬಲ್ಲವರು ಇಂಥ ಮೋಡಿಗೆ ಮರುಳಾಗುವವರಲ್ಲ. ಮುಚ್ಚಳ ತೆಗೆಸಿ, ಗಾಳಿಗೆ ನಡುಗಿ ನಾದ ಕೊಡುವ ಹಿತ್ತಾಳೆಯ ರೀಡುಗಳು ಎಲ್ಲಿಯವು ಎಂದು ಕೇಳಿದ ಮೇಲೆಯೇ ದರದ ಮಾತಿಗೆ ಬರುತ್ತಾರೆ. ಗಿಟಾರಿಗೆ ತೆಗೆಸಲು ಮುಚ್ಚಳವಿಲ್ಲದಿರುವುದು ಮಾರುವವರ ಪುಣ್ಯ.

ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವಾದ್ಯಕ್ಕೂ ಖಾನಾಪುರ ತಾಲೂಕಿನಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ, ಅದು ಮಳೆಗಾಲ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55 ಎಂದು ತಯಾರಕರು ಹೇಳುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಗೆ ಜೂನ್ ತಿಂಗಳಲ್ಲಿ ಈ ಅಂಕಿಯನ್ನು ಹೇಳುವುದು ಕೇವಲ ಹಾಸ್ಯವಾದೀತು. ಒಗೆದ ಅಂಗಿ ಒಣಗದ ಮನೆಯಲ್ಲಿ ಮೇಲ್ಹಲಗೆ ತೇವ ಕುಡಿದು ಉಬ್ಬುತ್ತದೆ, ಅದರೊಂದಿಗೆ ತಂತಿಯೂ ಏರುತ್ತದೆ, ತಂತಿಯ ಮೇಲೆ ತುಕ್ಕು ಏರುತ್ತದೆ, ಚೀಲದ ಮೇಲೆ ಬೂಸ್ಟು ಏರುತ್ತದೆ. ಏರದೆ ಉಳಿಯುವುದು ಸಾಧನೆಯೊಂದೇ. ಬೇಸಿಗೆಯಲ್ಲಿ ಅದೇ ಮರ ಒಣಗಿ ಕುಗ್ಗಿದಾಗ ಫ್ರೆಟ್ಟಿನ ತುದಿಗಳು ಅಂಚಿನಾಚೆ ಚಾಚಿ ಅಂಗೈಯನ್ನು ಗೀರುತ್ತವೆ. ಗಟ್ಟಿ ಪೆಟ್ಟಿಗೆ, ತೇವ ಹೀರುವ ಸಿಲಿಕಾ ಪೊಟ್ಟಣ, ಹೊಸ ತಂತಿ, ರಿಪೇರಿಯವನ ಕೂಲಿ ಇವನ್ನೆಲ್ಲ ಕೂಡಿದರೆ ಐದು ಸಾವಿರದ ಗಿಟಾರು ಎರಡು ಮಳೆಗಾಲಕ್ಕೆ ಹತ್ತು ಸಾವಿರದ ಗಿಟಾರಾಗಿರುತ್ತದೆ, ಧ್ವನಿಯೊಂದು ಮಾತ್ರ ಐದು ಸಾವಿರದ್ದೇ.

ಮರದ ಮಾತು ಬಂದಾಗ ಬೀಟೆಯನ್ನು ಬಿಡುವಂತಿಲ್ಲ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಗಿಟಾರಿನ ಬೆನ್ನಿಗೂ ಪಕ್ಕೆಗೂ ಭಾರತದ ರೋಸ್‌ವುಡ್ಡನ್ನು ಬಳಸತೊಡಗಿತು. ಅದು ಬೇರೆ ಯಾವುದೂ ಅಲ್ಲ, ಖಾನಾಪುರದ ಕಾಡಿನಲ್ಲಿ ಸಾಗುವಾನಿ, ಮತ್ತಿಗಳ ನಡುವೆ ಬೆಳೆಯುವ ಬೀಟೆ. ಅಜ್ಜನ ಕಾಲದ ಬೀಟೆಯ ಮಂಚದ ಮೇಲೆ ಕಾಲು ಚಾಚಿ ಮಲಗಿ, ಬೀಟೆಯ ಬೆನ್ನಿನ ಗಿಟಾರಿನ ಬೆಲೆಯನ್ನು ಡಾಲರಿನಿಂದ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡುವ ಯೋಗ ಈ ಸೀಮೆಯ ಸಂಗ್ರಾಹಕನಿಗಲ್ಲದೆ ಇನ್ನಾರಿಗುಂಟು?

ಸಂಗ್ರಾಹಕನ ತರ್ಕ ಪ್ರತ್ಯೇಕ ದರ್ಶನವೇ ಸರಿ. ಗಿಬ್ಸನ್ ಕಂಪನಿಯ 1959ರ ಲೆಸ್ ಪಾಲ್ ಆಗ ಹೆಚ್ಚು ಖರ್ಚಾಗದೆ ಬೇಗನೆ ನಿಂತುಹೋದ ಮಾದರಿ, ಈಗ ಅದಕ್ಕೆ ಲಕ್ಷಗಟ್ಟಲೆ ಡಾಲರ್. ರಾಕ್ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಕೊಂಡ ಕಪ್ಪು ಸ್ಟ್ರಾಟೋಕಾಸ್ಟರ್ ಗಿಟಾರು 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಯಿತು. ಇವನ್ನು ಉದಾಹರಿಸಿ ಸಂಗ್ರಾಹಕನು ಮನೆಯ ನಾಲ್ಕನೆಯ ಗಿಟಾರನ್ನು ಹೂಡಿಕೆ ಎಂದು ಕರೆಯುತ್ತಾನೆ. ಬೆಲೆ ಏರಿದ್ದು ಗಿಲ್ಮೋರನು ನುಡಿಸಿದ್ದರಿಂದ, ಸುಮ್ಮನೆ ಇಟ್ಟುಕೊಂಡಿದ್ದರಿಂದಲ್ಲ ಎಂಬ ಅಂಶ ಆ ವಾದದಲ್ಲಿ ಬರುವುದಿಲ್ಲ. ಅದನ್ನು ತರುವವಳು ಮನೆಯ ಹಿರಿಯಳೇ: “ಏನಪಾ, ತಂದ ತಂದ ಗ್ವಾಡಿಗೆ ನಿಲ್ಲಸಾಕತ್ತಿ, ಒಂದರೆ ನೆಟ್ಟಗ ಬಾರಸಾಕ ಬಂತೇನು?”

ನಿಜವಾದ ಲಾಭವಿರುವುದು ಇಂಥ ಪ್ರಶ್ನೆಗೆ ಉತ್ತರ ಕೊಡಲಾಗದೆ ಸೋತವರ ಮನೆಗಳಲ್ಲಿ, ಅಂದರೆ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ. ಕಲಿಯುವವರ ದಾರಿಯಲ್ಲಿ ಎಫ್ ಕಾರ್ಡ್ ಎಂಬ ಸ್ವರಕೂಟದ ಘಟ್ಟವೊಂದಿದೆ. ಅಲ್ಲಿ ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒತ್ತಬೇಕಾಗುತ್ತದೆ, ಬಹಳಷ್ಟು ಗಿಟಾರುಗಳು ಅಟ್ಟ ಸೇರುವುದು ಆ ವಾರದಲ್ಲೇ. ಮೊದಲ ಮೂರು ಫ್ರೆಟ್ಟುಗಳಲ್ಲಿ ಮಾತ್ರ ತಂತಿ ಉಜ್ಜಿದ ಗುರುತಿದ್ದು ಮುಂದಿನವೆಲ್ಲ ಫಳಫಳ ಹೊಳೆಯುತ್ತಿದ್ದರೆ ವಾದ್ಯಕ್ಕೆ ಏನೂ ಆಗಿಲ್ಲ, ಆದದ್ದೆಲ್ಲ ಯಜಮಾನನಿಗೆ ಎಂದು ತಿಳಿದು ಧೈರ್ಯವಾಗಿ ಅರ್ಧ ದರಕ್ಕೆ ಕೇಳಬಹುದು. ಯಜಮಾನ ಚೌಕಾಶಿಗೆ ನಿಂತರೂ ಮನೆಯವರು ನಿಲ್ಲುವುದಿಲ್ಲ. ಚೀಲ, ಟ್ಯೂನರು, ಸ್ಟ್ಯಾಂಡು ಎಲ್ಲವನ್ನೂ ತಾವಾಗಿ ತಂದು ಕೈಗಿತ್ತು, ಹದಿನಾಲ್ಕನೆಯ ಪುಟದಿಂದಾಚೆ ಹೊಚ್ಚ ಹೊಸದಾಗಿಯೇ ಇರುವ ಪಾಠದ ಪುಸ್ತಕವನ್ನೂ ಮೇಲೊಂದು ಹಾಕಿ, ರಿಕ್ಷಾ ತಾವೇ ಕರೆಯುತ್ತಾರೆ.