ಉದ್ಭವ ನಾಟಕಗಳ ಸಮಿತಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಖಜಾಂಚಿಗಳು ಹಾಗೂ ಹ್ಯಾಂಡ್‌ಬಿಲ್ಲಿನ ಒಕ್ಕಣೆ ಬರೆಯುವ ಮಾಸ್ತರರು,
ಜಾತ್ರಿ ನಾಟಕ ಸಮಿತಿಗಳು,
ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು, ಜಿಲ್ಲಾ ಕಲಬುರಗಿ.

ವಿಷಯ: ನಾಟಕ ಬರೆದವರ ಹೆಸರು ಪತ್ತೆ ಹಚ್ಚುವ ಕುರಿತು.

ಉದ್ಭವ ಲಿಂಗಗಳನ್ನು ನಾಡು ಬಹಳ ಕಂಡಿದೆ. ಉದ್ಭವ ನಾಟಕಗಳನ್ನು ತೋರಿಸಿಕೊಟ್ಟ ಕೀರ್ತಿ ಮಾತ್ರ ಈ ಸಮಿತಿಗಳಿಗೇ ಸಲ್ಲಬೇಕು. ಎಷ್ಟೋ ಜಾತ್ರೆಗಳ ಹ್ಯಾಂಡ್‌ಬಿಲ್ ಪ್ರಕಾರ ನಾಟಕವನ್ನು ಯಾರೂ ಬರೆದಿಲ್ಲ, ಹಾಡನ್ನು ಯಾರೂ ಕಟ್ಟಿಲ್ಲ. ತೇರಿನ ಮರುದಿನ ರಾತ್ರಿ, ಝಗಝಗಿಸುವ ವಿದ್ಯುದ್ದೀಪಗಳ ನಡುವೆ ಅದು ತಾನಾಗಿಯೇ ನೆಲದಿಂದ ಮೂಡುತ್ತದೆ.

ಜಾಗ ಸಾಲಲಿಲ್ಲ ಎನ್ನುವಂತಿಲ್ಲ. ದಿವ್ಯ ಸಾನ್ನಿಧ್ಯಕ್ಕೆ ಒಬ್ಬರು, ನೇತೃತ್ವಕ್ಕೊಬ್ಬರು, ಉದ್ಘಾಟನೆಗೊಬ್ಬರು, ಜ್ಯೋತಿ ಬೆಳಗಿಸಲು ಬೇರೊಬ್ಬರು, 'ಘನ ಉಪಸ್ಥಿತಿ'ಗೆ ಎರಡು ಕಾಲಂ. ಸೀನರಿಯವರ ಊರು, ಪೇಟಿ ಮಾಸ್ತರರ ಮೊಬೈಲ್ ನಂಬರು ಕೂಡ ಉಂಟು. ಇನ್ನು ರಂಗದ ಮೇಲೆ, ಮಗನನ್ನು ಕಳೆದುಕೊಂಡ ತಾಯಿ ಎದೆ ಬಡಿದುಕೊಂಡು ಅಳುತ್ತಿರುವಾಗಲೇ ಆಹೇರದ ಚೀಟಿ ಬರುತ್ತದೆ. ನೂರಾ ಒಂದು ರೂಪಾಯಿ ಕೊಟ್ಟವರ ಹೆಸರು, ತಂದೆಯ ಹೆಸರು, ಮನೆತನ, ಓಣಿ ಎಲ್ಲವೂ ಮೈಕಿನಲ್ಲಿ ಮೊಳಗುತ್ತದೆ. ತಾಯಿ ಅಷ್ಟು ಹೊತ್ತು ಅಳು ನಿಲ್ಲಿಸಿ, ಸೆರಗು ಸರಿ ಮಾಡಿಕೊಂಡು, ಮುಗಿದ ಮೇಲೆ ಬಿಟ್ಟ ಕಡೆಯಿಂದಲೇ ಅಳತೊಡಗುತ್ತಾಳೆ. ಆಕೆಯ ಬಾಯಿಗೆ ಆ ಮಾತು ಕೊಟ್ಟವರು ನೂರಾ ಒಂದು ರೂಪಾಯಿ ಕೊಟ್ಟಿರಲಿಲ್ಲ. ಹಾಗಾಗಿ ಅವರ ಹೆಸರಿಲ್ಲ.

'ರಕ್ತರಾತ್ರಿ'ಯನ್ನೇ ನೋಡಬಹುದು. ಅಶ್ವತ್ಥಾಮನ ಪಾರ್ಟು ಯಾರಿಗೆ ಎಂಬುದರ ಮೇಲೆ ಊರಲ್ಲಿ ಎರಡು ಪಾರ್ಟಿಗಳಾಗುತ್ತವೆ. ಬರೆದವರು ಯಾರೆಂದು ಎರಡೂ ಪಾರ್ಟಿಗಳು ಕೇಳುವುದಿಲ್ಲ. ಬರೆದವರು ಹುನಗುಂದ ಸೀಮೆಯ ಕಂದಗಲ್ ಹನುಮಂತರಾಯರು (1896–1966). ಕರ್ನಾಟಕದ ಷೇಕ್ಸ್‌ಪಿಯರ್ ಎಂದು ಕರೆಸಿಕೊಂಡವರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಅಫಜಲಪುರದಿಂದ ಬಸ್ ಹತ್ತಿ ಹೋಗಿ ನೋಡಿ ಬರಬಹುದು, ಅಕ್ಷರಗಳು ದೊಡ್ಡವೇ ಇವೆ.

'ಸಂಪತ್ತಿಗೆ ಸವಾಲ್' ಆಡುವಾಗ ಸಮಿತಿಗೆ ಹೆಸರು ಚೆನ್ನಾಗಿ ನೆನಪಿರುತ್ತದೆ, ಆದರೆ ಅದು ರಾಜಕುಮಾರರದು. ಪಿಕ್ಚರ್ ಬಂದದ್ದು 1974ರಲ್ಲಿ. ಅದಕ್ಕೂ ಮೊದಲೇ ಅದು ಪಿ.ಬಿ. ಧುತ್ತರಗಿಯವರ ನಾಟಕ. ಪಿಕ್ಚರ್ ನೋಡಿ ನಾಟಕ ಬರೆದರು ಎಂಬಂತೆ ಮೈಕಿನಲ್ಲಿ ಸಾರುವುದು ತೀರಾ ಉಲ್ಟಾ ಆಯಿತು.

ಇದಲ್ಲದೆ 'ಅರ್ಥಾತ್' ಎಂಬ ಮಂತ್ರವೊಂದಿದೆ. ಹಳೆಯ ನಾಟಕದ ತಲೆಬರಹ ಕಿತ್ತು, 'ಅಣ್ಣನ ಆಣೆ ಅರ್ಥಾತ್ ತಂಗಿಯ ತಾಳಿ' ಎಂಬ ಧಾಟಿಯಲ್ಲಿ ಹೊಸದೊಂದು ಅಂಟಿಸಿದರೆ ಕರ್ತೃ ಮಾಯ, ಸಮಿತಿಯ ಕಾರ್ಯದರ್ಶಿಯೇ ಕವಿ! ಜೇವರ್ಗಿಯವರಂತೂ ಈ ಮಂತ್ರ ಜಪಿಸುವ ಮುನ್ನ ಹೊರಗಿನ ಊರುಗಳತ್ತ ಒಮ್ಮೆ ಕಿವಿ ಕೊಡಬೇಕು. 'ಕುಂಟ ಕೋಣ ಮೂಕ ಜಾಣ' ಎಂದಕೂಡಲೇ ಅಲ್ಲಿನವರು ರಾಜಣ್ಣ ಜೇವರ್ಗಿ ಎನ್ನುತ್ತಾರೆ. ಬರೆದವರ ಹೆಸರಿನ ಜೊತೆ ಊರಿನ ಹೆಸರೂ ಪುಕ್ಕಟೆ ತಿರುಗುತ್ತದೆ.

ಹಿಂದಿನವರು ಈ ವಿಷಯದಲ್ಲಿ ಸ್ವಲ್ಪ ದಡ್ಡರು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ 'ಚಾಲ್' ಎಂದು ಅಚ್ಚಾಗಿರುತ್ತಿತ್ತು. ಧಾಟಿ ಮರಾಠಿ ಪದದ್ದೋ ಹಿಂದಿ ಪಿಕ್ಚರಿನದ್ದೋ, ಎಲ್ಲಿಂದ ತಂದದ್ದೆಂದು ಒಪ್ಪಿಕೊಂಡೇ ಹಾಡುತ್ತಿದ್ದರು. 'ಶ್ರೀಕೃಷ್ಣ ಪಾರಿಜಾತ'ದ ಮೇಳಗಳವರು ಅದನ್ನು ಬರೆದ ಅಪರಾಳ ತಮ್ಮಣ್ಣನನ್ನೂ ಮರೆಯಲಿಲ್ಲ, ಅದನ್ನು ಆಟಕ್ಕೆ ಒಗ್ಗಿಸಿ ಬೆಳೆಸಿದ ಕುಲಗೋಡ ತಮ್ಮಣ್ಣನನ್ನೂ ಬಿಡಲಿಲ್ಲ. ಆಫ್‌ಸೆಟ್ ಮುದ್ರಣವಿಲ್ಲದ ಕಾಲದಲ್ಲಿ ಇಬ್ಬರು ತಮ್ಮಣ್ಣರು ಉಳಿದುಬಂದರು. ಕಾಳಿದಾಸನೂ ಜಾಣ: 'ಶಾಕುಂತಲ'ದ ಪ್ರಸ್ತಾವನೆಯಲ್ಲೇ ಸೂತ್ರಧಾರನ ಬಾಯಿಂದ ತನ್ನ ಹೆಸರು ಹೇಳಿಸಿಬಿಟ್ಟ. ಸಮಿತಿಗಳ ಸ್ವಭಾವ ಅವನಿಗೆ ಆಗಲೇ ಗೊತ್ತಿತ್ತೇನೋ.

ಹೆಸರು ಹಾಕಿದರೆ ದುಡ್ಡು ಕೇಳುತ್ತಾರೆ ಎಂಬ ಅಂಜಿಕೆ ಖಜಾಂಚಿಗಳಿಗೆ ಇರಬಹುದು. ಅವರು ನಿಶ್ಚಿಂತೆಯಿಂದ ಮಲಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಟಿಕೆಟ್ ಇಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹವ್ಯಾಸಿಗಳು ಆಡುವ ನಾಟಕಕ್ಕೆ ವಿನಾಯಿತಿ ಕೊಟ್ಟಿದೆ. ವೃತ್ತಿ ನಾಟಕ ಕಂಪನಿಯವರು ಕೊಡಬೇಕಾದದ್ದನ್ನು ಜಾತ್ರೆಯವರು ಕೊಡಬೇಕಿಲ್ಲ. 57ನೇ ಕಲಮಿನಲ್ಲಿರುವುದು ಬೇರೆ ಸಂಗತಿ: ಹಕ್ಕು ಮಾರಿದ ಮೇಲೂ 'ಇದು ನನ್ನ ಕೃತಿ' ಎನ್ನುವ ಅಧಿಕಾರ ಬರೆದವರಿಗೆ ಉಳಿಯುತ್ತದೆ. 2012ರ ತಿದ್ದುಪಡಿಯ ಬಳಿಕ ವಾರಸುದಾರರೂ ಅದನ್ನು ಕೇಳಬಹುದು. ಅಂದರೆ ಕೊಡಬೇಕಿರುವುದು ಒಂದೇ ಸಾಲು.

ಆ ಸಾಲು ನಾಟಕದ ಹೆಸರಿನ ಕೆಳಗೆ, ಸ್ತ್ರೀ ಪಾತ್ರಧಾರಿಗಳ ಫೋಟೋಗಳ ಮೇಲೆ ಬರಲಿ. ತೀರಾ ಇಕ್ಕಟ್ಟಾದರೆ ಘನ ಉಪಸ್ಥಿತಿಯಿಂದ ಒಬ್ಬರನ್ನು ತೆಗೆಯಬಹುದು. ಅವರು ಹೇಗೂ ಬರುವುದಿಲ್ಲ.

ಇಂತಿ,
ಚಾಪೆ ಹಾಸಿಕೊಂಡು ಬೆಳತನಕ ಕೂತ ಪ್ರೇಕ್ಷಕರು

ತಾ.ಕ.: ಕಂದಗಲ್‌ರ ಕೃತಿಗಳ ಹಕ್ಕುಸ್ವಾಮ್ಯ, ಮರಣಾನಂತರದ 60 ವರ್ಷಗಳ ಲೆಕ್ಕದಲ್ಲಿ, 2026ರ ಕೊನೆಯವರೆಗೆ. ಆಮೇಲೆ ಕಂಪನಿಯವರೂ ಹಣ ಕೊಡಬೇಕಿಲ್ಲ. ಸಮಿತಿಯವರು ಮಾತ್ರ ಆ ದಿನ 'ರಕ್ತರಾತ್ರಿ ಅರ್ಥಾತ್' ಎಂದು ಶುರುಮಾಡಬಾರದಾಗಿ ವಿನಂತಿ.